ಬಾಣಂತಿ ಕೋಣೆಯ ಗೋಣಿತಟ್ಟು

"ಎಲ್ಲಾ ಕಿಟಕಿಗೂ ದಪ್ಪ ಪರದಿ ಹಾಕ್ರಿ, ಎಸಿ ಕರೆಂಟ್ ಉಳಿತದ" ಎಂದ ರಾಯಚೂರಿನ ಪರದೆ ಅಂಗಡಿಯವನು. ಅವನ ಕೂಲರಿನ ಹಸಿ ಹುಲ್ಲಿನ ವಾಸನೆ ನನ್ನನ್ನು ಮಾನ್ವಿಯ ನಮ್ಮ ಬಾಣಂತಿ ಕೋಣೆಗೆ ಎಳೆದೊಯ್ದಿತು.

ಆಗಷ್ಟೇ ಹುಟ್ಟಿದ ನನ್ನ ತಂಗಿಗೆ ಬಿಸಿಗಾಳಿ ಸೋಕಬಾರದೆಂದು ಅಜ್ಜಿ ಎರಡೂ ಕಿಟಕಿಗೆ ಗೋಣಿತಟ್ಟು ಬಿಗಿದು, ತಂಪಾಗಲೆಂದು ನೀರು ಚಿಮುಕಿಸಿದ್ದಳು. ಒಳಗೆಲ್ಲ ಹಬೆ. ತಂಗಿ ಅಳುವುದನ್ನೂ ಬಿಟ್ಟು ಏದುಸಿರು ಬಿಡುತ್ತಿದ್ದಳು.

"ನೆರಳಿನ ಕಡಿ ತಟ್ಟು ತಗೀರಿ ಅತ್ತಿ, ಗಾಳಿ ಆಡವಲ್ದು" ಎಂದಳು ಅವ್ವ.

"ಸುಮ್ನ ಮಲಗು. ಏಳು ಹಡದೀನಿ ನಾ" ಎಂದು ಅಜ್ಜಿ ಗದರಿದಳು.

"ಅದ್ರಾಗ ಉಳದವ್ರು ಎಷ್ಟು ಮಂದಿ ಅತ್ತಿ?"

ಅಜ್ಜಿ ಎದ್ದು ಹೋಗಿ ಆ ತಟ್ಟನ್ನು ತಾನೇ ಕಿತ್ತಳು. ಗಾಳಿ ಹರಿಯಿತು. ಸ್ವಲ್ಪ ಹೊತ್ತಿಗೆ ತಂಗಿ ಮತ್ತೆ ದನಿ ತೆಗೆದು ಅತ್ತಳು.

ಇದ್ದ ಕಿಟಕಿಗಳನ್ನೆಲ್ಲ ಮುಚ್ಚಿಸಿ ಅದನ್ನು ಉಳಿತಾಯ ಎನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಬಿಸಿಲು ಬೀಳುವ ಪಡುವಣ ಕಿಟಕಿಯೊಂದಕ್ಕೇ ಪರದೆ ಕೊಂಡೆ.