ಯಜಮಾನರ ಹೃದಯ ಬಲಕ್ಕೆ ಸರಿದ ಪಾಠ

ಸ್ನೇಹಿತರೇ, ವರ್ಷಗಟ್ಟಲೆ ಎಕ್ಸ್‌ರೇ ನೋಡುವುದನ್ನು ಕಲಿಸಿದವಳ ಗತಿ ಇವತ್ತು ಏನಾಯಿತು ಕೇಳಿ.

ಬಸವೇಶ್ವರನಗರದ ಮನೆಯಿಂದಲೇ ಎಂಬಿಬಿಎಸ್ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದೆ. ತೋರಿಸಬೇಕಾದ ಚಿತ್ರಗಳು ಲೋಡ್ ಆಗಲೇ ಇಲ್ಲ. ಬೀರುವಿನಲ್ಲಿದ್ದ ನಮ್ಮ ಯಜಮಾನರ ಹಳೆಯ ಎದೆಯ ಎಕ್ಸ್‌ರೇ ತಂದು ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಹಿಡಿದು, "ಏನು ಕಾಣ್ತಿದೆ?" ಎಂದೆ.

"ನಾರ್ಮಲ್ ಮೇಡಂ," ಎಂದರು ಎಲ್ಲರೂ.

ನನ್ನ ಪರದೆ ನೋಡಿಕೊಂಡೆ. ರೇಗಿಹೋಯಿತು. "ಕಣ್ಣು ಬಿಟ್ಟು ನೋಡ್ರೋ! ಈ ಮನುಷ್ಯನ ಹೃದಯ ಬಲಗಡೆ ಇದೆ!"

ಅಡುಗೆಮನೆಯಲ್ಲಿದ್ದ ಆ ಮನುಷ್ಯ ಎದೆಯ ಬಲಭಾಗ ಹಿಡಿದುಕೊಂಡು ಓಡಿಬಂದರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಕಣೇ?"

ಆಗ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ, "ಮೇಡಂ, ನಿಮ್ಮ ವಿಡಿಯೋ ನಿಮಗೆ ಮಾತ್ರ ಕನ್ನಡಿ ಥರ ಉಲ್ಟಾ ಕಾಣುತ್ತೆ. ನಮಗೆ ಸರಿಯಾಗೇ ಕಾಣ್ತಿದೆ," ಎಂದಳು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೂ ಕಣ್ಣಲ್ಲಿ ನೀರು ಬರುವಷ್ಟು ನಗು.

ಅಷ್ಟರಲ್ಲಿ ಇವರು ಕುರುಬರಹಳ್ಳಿಯಲ್ಲಿರುವ ತಂಗಿಗೆ ಫೋನ್ ಮಾಡಿಯಾಗಿತ್ತು. ನನ್ನ ನಾದಿನಿ ಮೂಸಂಬಿ ಚೀಲ ಹಿಡಿದು ರೋಗಿಯನ್ನು ನೋಡಲು ಬಂದೇಬಿಟ್ಟಳು. ಪೂರ್ತಿ ಕಥೆ ಕೇಳಿದಳು, ಜ್ಯೂಸ್ ಹಿಂಡಿದಳು, ಅಣ್ಣನನ್ನು ದಾಟಿಕೊಂಡು ಬಂದು ಲೋಟ ನನ್ನ ಕೈಗಿಟ್ಟಳು.

"ಕುಡೀರಿ ಅತ್ತಿಗೆ. ಎರಡು ದಿನ ರೆಸ್ಟ್ ತಗೊಳ್ಳಿ."