ಮೆಟ್ಟಿಲ ಮೇಲಿನ ಜೋಳದ ಡಬ್ಬಿ

ರಾಯದುರ್ಗದ ನಮ್ಮ ಜೀನ್ಸ್ ಹೊಲಿಯುವ ಅಂಗಡಿಯ ಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ಜೋಳದ ಡಬ್ಬಿ ಇಟ್ಟು, "ಸಂತಿ ಮುಗಿಸ್ಕೊಂಡು ಬರ್ತೀನ್ರಿ, ಬೀಸಿಡ್ರಿ" ಎಂದು ಹೊರಟೇಬಿಟ್ಟರು. ಇಲ್ಲಿ ಹಿಂದೆ ಹಿಟ್ಟಿನ ಗಿರಣಿ ಇತ್ತು. ಆಮೇಲೆ ಸೈಕಲ್ ಶಾಪ್, ಮೊಬೈಲ್ ಅಂಗಡಿ ಬಂದುಹೋದವು. ನಮ್ಮ ಹೊಲಿಗೆ ಯಂತ್ರಗಳ ಸದ್ದನ್ನೇ ಅವರು ಗಿರಣಿಯದೆಂದುಕೊಂಡಿರಬೇಕು. ನಾನು ಕೂಗಿದ್ದೂ ಆ ಸದ್ದಿನಲ್ಲಿ ಕೇಳಿಸಲಿಲ್ಲ. ಡಬ್ಬಿಯನ್ನು ಹಿಂದಿನ ಬೀದಿಯ ಗಿರಣಿಗೆ ಒಯ್ದು, ಬೀಸಿಸಿ ತಂದು, ಇದ್ದಲ್ಲೇ ಇಟ್ಟೆ.

ಸಂಜೆ ಬಂದ ಅಜ್ಜಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಮೊದ್ಲು ತರಿ ಇರ್ತಿತ್ತು. ನೀವು ಬಂದಮ್ಯಾಲ ಚಲೋ ಆಗೈತಿ ನೋಡ್ರಿ."

ನಿಜ ಹೇಳಲು ಮನಸ್ಸು ಬರಲಿಲ್ಲ. ಮುಂದಿನ ಸಂತೆಯ ದಿನ ಮೆಟ್ಟಿಲ ಮೇಲೆ ಎರಡು ಡಬ್ಬಿಗಳಿದ್ದವು. ಎರಡನೆಯದು ಅವರ ಪಕ್ಕದ ಮನೆಯವರದಂತೆ.