ಮೋರಿಯೊಳಗಿಂದ ಬಂದ ಪ್ರಶ್ನೆ

ಮಳೆನೀರಿನ ಮೋರಿಯೆಂದರೆ ನಗರದ ಕೊಳೆಯನ್ನು ಕಣ್ಮರೆ ಮಾಡುವ ದಾರಿ ಎಂದಷ್ಟೇ ತಿಳಿದಿದ್ದ ನಮ್ಮ ಇಲಾಖೆಗೆ, ಆ ದಾರಿ ಹೋಗಿ ಮುಟ್ಟುವ ಕಡಲಂಚಿನ ಜೌಗುನೆಲವೂ ನಮ್ಮದೇ ಹೊಣೆಯೆಂದು ಮನಗಾಣಿಸಿದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಎಂಜಿನಿಯರರು. ಬೆನ್ನ ಹಿಂದೆ ನಾವು ಅವರನ್ನು ‘ಮೋರಿ ಮೇಡಂ’ ಎನ್ನುತ್ತಿದ್ದೆವು. ಅದು ಕಿವಿಗೆ ಬಿದ್ದಾಗ, ಹೆಸರಿಟ್ಟವರಿಗೇ ಮರುದಿನ ಮೋರಿಯ ಕೆಲಸ ಹಚ್ಚಿ ನಕ್ಕವರು ಅವರು.

ನಾನು ಅವರ ಕೈಕೆಳಗೆ ಸೇರಿದಾಗ ಜೌಗಿನಲ್ಲಿ ಸದ್ದೇ ಇರಲಿಲ್ಲ. ಜೊಂಡಿತ್ತು, ನೀರಿತ್ತು, ಕಪ್ಪೆಯಿಲ್ಲ, ಹಕ್ಕಿಯಿಲ್ಲ, ಸೊಳ್ಳೆಯ ಗುಂಯ್‌ಗುಡುವಿಕೆಯೂ ಇಲ್ಲ. ಆಡಿದ ಮಾತು ನಮಗೇ ಜೋರೆನಿಸಿ ದನಿ ತಗ್ಗಿಸುತ್ತಿದ್ದೆವು. ಮೊದಲ ಮಳೆಗೆ ಬೀದಿಗಳ ಎಣ್ಣೆ, ಕಸ, ಬೂದಿಯೆಲ್ಲ ತೊಳೆದುಕೊಂಡು ಇಲ್ಲಿಗೇ ಬರುತ್ತದೆಂಬುದು ಗೊತ್ತಿದ್ದದ್ದೇ. ಆದರೆ ಒಣ ದಿನಗಳಲ್ಲೂ ಒಂದು ಮೋರಿಯ ಬಾಯಲ್ಲಿ ಜೊಂಡಿನ ಬೇರು ಕಡುಗೆಂಪಾಗಿರುತ್ತಿದ್ದುದು ಏಕೆಂದು ಯಾರಿಗೂ ತಿಳಿದಿರಲಿಲ್ಲ. ನೋಡಲು ಹೋದ ಕೆಲಸಗಾರರು ಓಡಿಬಂದರು. ಒಳಗಿನಿಂದ ಹೆಂಗಸೊಬ್ಬಳು ಕರೆಯುತ್ತಾಳೆ, ಇನ್ನು ಆ ಕಡೆ ಕಾಲಿಡುವುದಿಲ್ಲ ಎಂದು ಮೇಸ್ತ್ರಿ ಕೈ ಮುಗಿದ.

ಮೇಡಂ ಗದರಲಿಲ್ಲ. ಆ ಮಧ್ಯಾಹ್ನವೇ ನನ್ನನ್ನು ಕರೆದುಕೊಂಡು ಹೋಗಿ ಮೋರಿಯ ಬಾಯಲ್ಲಿ ನಿಂತರು. ಬಿಸಿಲು ಸುಡುತ್ತಿದ್ದರೂ ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅದರ ಬೆನ್ನಿಗೇ, ನಮ್ಮ ಮೊಣಕಾಲ ಬಳಿ ಯಾರೋ ಕುಳಿತು ಆಡಿದಂತೆ, ಮುದಿದನಿಯೊಂದು ಕೇಳಿತು: “ಎಲ್ಲಿ ಹೋದ್ರಿ ಎಲ್ಲಾರೂ?”

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮೇಡಂ ಬಗ್ಗಿ, ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ, “ಇಲ್ಲೇ ಇದ್ದೀವಮ್ಮ. ನೀವೆಲ್ಲಿದ್ದೀರಿ?” ಎಂದರು.

“ಹಿತ್ತಲಲ್ಲಿ,” ಎಂದಿತು ದನಿ.

“ಏನ್ ಮಾಡ್ತಿದ್ದೀರಿ?”

“ಬಟ್ಟೆ ಜಾಲಿಸ್ತಿದ್ದೀನಿ.”

ಸ್ವಲ್ಪ ಹೊತ್ತಿಗೆ ಕತ್ತಲೊಳಗಿಂದ ಕೆಂಪು ನೀರು ಸದ್ದಿಲ್ಲದೆ ಹರಿದುಬಂದು ನಮ್ಮ ಬೂಟುಗಳನ್ನು ಸುತ್ತಿಕೊಂಡಿತು.

ಮೋರಿಯ ಮೇಲಿನ ಬೀದಿ ಹಿಡಿದು ಹೋಗಿ ಆ ಹಿತ್ತಲನ್ನು ಪತ್ತೆಹಚ್ಚಿದೆವು. ಸೊಸೆಯೊಂದಿಗೆ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಅಜ್ಜಿ. ಒಗೆಯುವ ಕಲ್ಲಿನ ಪಕ್ಕ ನೀರು ಹೋಗುವ ಕಿಂಡಿ. ಅತ್ತೆಗೆ ಅರಳುಮರಳು, ದಿನವೂ ಕಿಂಡಿಯೊಡನೆ ಮಾತಾಡುತ್ತಾರೆ ಎಂದು ಸೊಸೆ ನೊಂದುಕೊಂಡರು. ಅಜ್ಜಿ ಮಾತ್ರ ಶಾಂತವಾಗಿ ಹೇಳಿದರು: “ಮೊದ್ಲು ಇದರಿಂದ ಹಕ್ಕಿಗಳ ಗಲಾಟೆ ಕೇಳಿಸ್ತಿತ್ತು ಕಣಮ್ಮ. ಕೆಲಸ ಮಾಡೋವಾಗ ನಂಗೊಂದು ಜೊತೆ. ಆಮೇಲೆ ಒಂದೊಂದೇ ನಿಂತುಹೋಯ್ತು. ಅದಕ್ಕೇ ಕೇಳ್ತಿದ್ದೆ.”

ಆ ಬಣ್ಣದ ಕೆಲಸಕ್ಕೆ ಬೀಗ ಹಾಕಿಸಿಬಿಡಿ ಎಂದು ಮೇಲಧಿಕಾರಿಗಳು ಒತ್ತಿದರು. ಮೇಡಂ ಬೀಗದ ಬದಲು ಜೀಪು ತಂದು ಅಜ್ಜಿಯನ್ನು ಜೌಗಿಗೆ ಕರೆದೊಯ್ದರು. ಅಜ್ಜಿ ಜೊಂಡಿನ ಬೇರನ್ನು ಉಜ್ಜಿ, ಆ ಬೆರಳನ್ನು ತಮ್ಮ ಇನ್ನೊಂದು ಅಂಗೈಯ ಬಣ್ಣದ ಕಲೆಯ ಪಕ್ಕ ಹಿಡಿದು ನೋಡಿದರು.

“ನಂದೇನಾ?”

“ನಿಮ್ಮದೊಂದೇ ಅಲ್ಲ, ಇಡೀ ಊರಿಂದು,” ಎಂದರು ಮೇಡಂ. “ಆದ್ರೆ ನಿಮ್ಮದೂ ಇದೆ.”

ಮುಂದೆ ಬಣ್ಣಗಾರರ ಬೀದಿಯಲ್ಲಿ ಮನೆಮನೆಗೂ ಮೇಡಂ ಅವರೊಡನೆ ಹೋದವರು ಆ ಅಜ್ಜಿಯೇ. ಬಣ್ಣದ ನೀರು ಶುದ್ಧೀಕರಣ ಘಟಕದ ಕಡೆ ತಿರುಗಿತು. ಬೀದಿಬದಿಯಲ್ಲಿ ನೀರಿಂಗುವ ಹುಲ್ಲಿನ ಪಾತಿಗಳಾದವು, ಮೊದಲ ಮಳೆಯ ಕೊಳೆ ತಳಕ್ಕಿಳಿದು ನೀರು ತಿಳಿಯಾಗಲು ಜೌಗಿಗಿಂತ ಮೊದಲೇ ಹೊಂಡಗಳಾದವು. ಒಂದೊಂದಕ್ಕೂ ಕಚೇರಿಯಿಂದ ಕಚೇರಿಗೆ ಮೇಡಂ ಚಪ್ಪಲಿ ಸವೆಸಿದರು. ಅಜ್ಜಿಯ ಕಿಂಡಿಯನ್ನು ಮಾತ್ರ ಅವರು ಮುಚ್ಚಿಸಲಿಲ್ಲ. ನೀರು ಇಳಿಯದಂತೆ ಸುತ್ತ ಕಟ್ಟೆ ಕಟ್ಟಿಸಿ, ಸದ್ದು ಬರಲೆಂದು ಜಾಲರಿ ಹಾಕಿಸಿದರು. ಅಜ್ಜಿ ತೀರಿಕೊಳ್ಳುವ ಮುಂಚಿನ ವರ್ಷ ಅದರಲ್ಲಿ ಕಪ್ಪೆಗಳು ಕೇಳಿಸಿದವೆಂದು ಸೊಸೆ ಕಚೇರಿಗೇ ಬಂದು ಹೇಳಿಹೋದರು.

ಇಂದು ಜೌಗಿನ ಅಂಚಿನಲ್ಲಿ ಹಕ್ಕಿಗಳಿವೆ. ನಡುವಿನ ನೀರು ಮಾತ್ರ ಇನ್ನೂ ಮೂಕ. ಮೇಲೆ ಹಾರುವ ಹಕ್ಕಿಯೂ ಅಲ್ಲಿಗೆ ಬಂದೊಡನೆ ಕೂಗು ನಿಲ್ಲಿಸುತ್ತದೆ. ಏಕೆಂದು ಕೇಳಿದರೆ, ಗೊತ್ತಿಲ್ಲ, ಹೋಗಿ ನೋಡಬೇಕು ಎನ್ನುತ್ತಾರೆ ಮೇಡಂ. ನಿವೃತ್ತಿಗೆಂದು ಒಂದು ಸಣ್ಣ ದೋಣಿಯನ್ನೂ ಕೊಂಡಿದ್ದಾರೆ. ಅವರಿಗೆ ದೀರ್ಘಾಯುಸ್ಸು ಲಭಿಸಲಿ, ಕೈಗೆತ್ತಿಕೊಂಡ ಕೆಲಸ ಮುಂದುವರಿಯಲಿ. ಆ ನಡುನೀರಿಗೆ ಹೋದಾಗಲೆಲ್ಲ ಅವರು ಕ್ಷೇಮವಾಗಿ ದಡಕ್ಕೆ ಮರಳಲಿ.